ಒಂದು ಭಾಷೆ ಸಾಕು ಎಂದರೆ ಕೋಪವೇಕೆ?

ಎಂಜಿನಿಯರಿಂಗ್, ಬಿಸಿಎ ಓದುವ ಮಕ್ಕಳು ಮೊದಲ ಎರಡು ವರ್ಷ ಒಂದೇ ಪ್ರೋಗ್ರಾಮಿಂಗ್ ಭಾಷೆಯನ್ನು ಹಿಡಿದು ಅದರ ತಳ ಮುಟ್ಟಲಿ, ಅದು ಪೈಥಾನ್ ಆದರೂ ಸರಿ, ಜಾವಾ ಆದರೂ ಸರಿ ಎಂಬುದು ನನ್ನ ವಾದ. ಇದನ್ನು ಒಪ್ಪದವರು ಬಹಳ ಮಂದಿ. ಕೋಚಿಂಗ್ ಸೆಂಟರಿನವರು, ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳು, ಹಳೆಯ ಸಿ ಪಂಡಿತರು, ಈಚೆಗೆ ಎಐ ಭಕ್ತರು. ಅವರವರಲ್ಲೇ ಒಮ್ಮತವಿಲ್ಲ, ನನ್ನನ್ನು ತಳ್ಳಿಹಾಕುವುದರಲ್ಲಿ ಮಾತ್ರ ಇದೆ.

ಮೊದಲ ಆಕ್ಷೇಪ: ‘ಮಾರುಕಟ್ಟೆ ಕೇಳಿದ್ದನ್ನು ಕಲಿಯಬೇಕು. ಈ ವರ್ಷ ಯಾವುದಕ್ಕೆ ಸಂಬಳ ಜಾಸ್ತಿಯೋ ಅದು.’

ಈ ವರ್ಷದ ಮಾರುಕಟ್ಟೆಗೆ ಈ ವರ್ಷ ಕಾಲೇಜು ಸೇರಿದ ಹುಡುಗಿ ಹೋಗುವುದೇ ಇಲ್ಲ. ಅವಳು ಹೋಗುವುದು ನಾಲ್ಕು ವರ್ಷದ ನಂತರದ ಮಾರುಕಟ್ಟೆಗೆ. ನಾಲ್ಕು ವರ್ಷದಲ್ಲಿ ಏನೇನಾಗುತ್ತದೆ ಎಂಬುದಕ್ಕೆ ಹಿಂದಿನದನ್ನು ನೋಡಿದರೆ ಸಾಕು. ವೆಬ್‌ನಲ್ಲಿ ಕುಣಿಯುವುದೆಲ್ಲ ಫ್ಲ್ಯಾಶ್ ಆಗಿದ್ದ ಕಾಲದಲ್ಲಿ ಆಕ್ಷನ್‌ಸ್ಕ್ರಿಪ್ಟ್ ಕಲಿತವರಿಗೆ ಒಳ್ಳೆಯ ಬೇಡಿಕೆ ಇತ್ತು. 2020ರ ಕೊನೆಗೆ ಅಡೋಬಿಯೇ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿತು. ಐಫೋನ್ ಆ್ಯಪ್ ಎಂದರೆ ಆಬ್ಜೆಕ್ಟಿವ್-ಸಿ ಎಂದಿದ್ದಾಗ, 2014ರಲ್ಲಿ ಆಪಲ್ ಸ್ವಿಫ್ಟ್ ತಂದಿತು. ಆಂಡ್ರಾಯ್ಡ್‌ಗೆ ಜಾವಾ ಎಂದು ಎಲ್ಲರೂ ಪಾಠ ಮಾಡುತ್ತಿರುವಾಗಲೇ ಗೂಗಲ್ 2017ರಲ್ಲಿ ಕೋಟ್ಲಿನ್‌ಗೆ ಬೆಂಬಲ ಘೋಷಿಸಿ, 2019ರಲ್ಲಿ ಅದಕ್ಕೇ ಮೊದಲ ಮಣೆ ಹಾಕಿತು. ಆಗ ದಡ ಸೇರಿದವರು ಯಾರು? ಜಾವಾ ಆಳವಾಗಿ ಬಲ್ಲವರು. ಕೋಟ್ಲಿನ್ ಓಡುವುದೂ ಜಾವಾ ಓಡುವ ವರ್ಚುವಲ್ ಮಷೀನ್ ಮೇಲೆಯೇ, ಜಾವಾ ಲೈಬ್ರರಿಗಳನ್ನು ಅದು ನೇರವಾಗಿ ಬಳಸುತ್ತದೆ. ಥ್ರೆಡ್ ಎಂದರೇನು, ಗಾರ್ಬೇಜ್ ಕಲೆಕ್ಷನ್ ಯಾವಾಗ ನಡೆಯುತ್ತದೆ ಎಂದು ತಿಳಿದವರಿಗೆ ಹೊಸದಾಗಿ ಕಲಿಯಬೇಕಾದದ್ದು ಬರವಣಿಗೆಯ ರೀತಿ ಮಾತ್ರ.

ಮಾರುಕಟ್ಟೆ ಸತ್ತಿದೆ ಎಂದು ಬರೆದುಕೊಟ್ಟದ್ದೂ ಸಾಯುವುದಿಲ್ಲ. ಕೋಬಾಲ್ ಹುಟ್ಟಿದ್ದು 1959ರಲ್ಲಿ. 1990ರ ದಶಕದ ಕೊನೆಗೆ ಬೆಂಗಳೂರಿನ ಕಂಪನಿಗಳಿಗೆ ವೈಟುಕೆ ಕೆಲಸ ಸುರಿದದ್ದರಲ್ಲಿ ಅದರ ಪಾಲು ದೊಡ್ಡದು. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ, ಕೋಬಾಲ್ ಬಲ್ಲವರು ಯಾರಾದರೂ ಇದ್ದರೆ ಬನ್ನಿ ಎಂದು ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಬಹಿರಂಗವಾಗಿ ಕೇಳಬೇಕಾಯಿತು. ಅಂದಮಾತ್ರಕ್ಕೆ ಎಲ್ಲರೂ ಕೋಬಾಲ್ ಕಲಿಯಿರಿ ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಜಾತಕ ಬರೆಯುವವರನ್ನು ನಂಬಬೇಡಿ ಎನ್ನುತ್ತಿದ್ದೇನೆ.

ಎರಡನೆಯದು: ‘ರೆಸ್ಯೂಮೆಯಲ್ಲಿ ಒಂದೇ ಭಾಷೆ ಇದ್ದರೆ ಶಾರ್ಟ್‌ಲಿಸ್ಟ್ ಆಗುವುದಿಲ್ಲ.’ ಇದರಲ್ಲಿ ಸತ್ಯವಿದೆ. ರೆಸ್ಯೂಮೆಯನ್ನು ಮೊದಲು ಓದುವುದು ಬಹಳ ಕಡೆ ಯಂತ್ರ, ಅದು ಪದಗಳನ್ನು ಎಣಿಸುತ್ತದೆ. ಆದರೆ ಐದು ಭಾಷೆ ಬರೆದುಕೊಂಡವನು ಐದರಲ್ಲೂ ಪ್ರಶ್ನೆ ಕೇಳುವ ಹಕ್ಕನ್ನು ಸಂದರ್ಶಕನಿಗೆ ತಾನಾಗಿಯೇ ಬರೆದುಕೊಟ್ಟಂತೆ. ಒಂದು ಭಾಷೆಯ ಜೊತೆ ಎಸ್‌ಕ್ಯುಎಲ್, ಗಿಟ್ ಎರಡೂ ಇರಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಎಸ್‌ಕ್ಯುಎಲ್ ಕೂಡ ಭಾಷೆಯೇ ಅಲ್ಲವೇ, ನಿಮ್ಮ ಲೆಕ್ಕದಲ್ಲಿ ಮೋಸವಿಲ್ಲವೇ ಎಂದರೆ, ಸ್ವಲ್ಪ ಇದೆ.

ಮೂರನೆಯವರು ಸಿ ಪಂಡಿತರು. ಇವರ ಮೇಲೆ ನನಗೆ ಗೌರವವಿದೆ, ವಾದವೂ ಗಟ್ಟಿ. ‘ಪೈಥಾನ್ ಮಕ್ಕಳಾಟ. ಪಾಯಿಂಟರ್ ಗೊತ್ತಿಲ್ಲದವನಿಗೆ ಮೆಮೊರಿ ಗೊತ್ತಿಲ್ಲ, ಮೆಮೊರಿ ಗೊತ್ತಿಲ್ಲದವನಿಗೆ ಕಂಪ್ಯೂಟರ್ ಗೊತ್ತಿಲ್ಲ’ ಎನ್ನುತ್ತಾರೆ. ಲಿನಕ್ಸ್ ಕರ್ನಲ್ ಬಹುಪಾಲು ಸಿಯಲ್ಲಿದೆ, ನಾವೆಲ್ಲ ಬಳಸುವ ಪೈಥಾನನ್ನು ಓಡಿಸುವ ಪ್ರೋಗ್ರಾಮ್ ಕೂಡ ಸಿಯಲ್ಲೇ ಬರೆದದ್ದು. ಇದೆಲ್ಲ ನಿಜ.

ಆದರೆ ನಮ್ಮ ಲ್ಯಾಬುಗಳಲ್ಲಿ ಸಿ ಕಲಿಸಿದ್ದು ಹೇಗೆ ಎಂಬುದನ್ನೂ ಅವರೇ ಹೇಳಲಿ. ಬೋರ್‌ಲ್ಯಾಂಡ್‌ನ ಟರ್ಬೊ ಸಿ, ಆ ನೀಲಿ ಪರದೆ. ವಿಂಡೋಸ್ ಎಷ್ಟು ಮುಂದೆ ಹೋದರೂ ಡಾಸ್‌ಬಾಕ್ಸ್ ಹಾಕಿ ಅದನ್ನೇ ಎಬ್ಬಿಸಿ ಕೂರಿಸಿದರು. ಅದರಲ್ಲಿ ಇಂಟ್ ಎಂದರೆ 16 ಬಿಟ್. 32,767ಕ್ಕೆ ಒಂದು ಕೂಡಿಸಿದರೆ ಮೈನಸ್ ಸಂಖ್ಯೆ ಬರುತ್ತದೆ. ಯಾಕೆ ಎಂದು ಕೇಳಿದ ಹುಡುಗನಿಗೆ ‘ಮೊದಲು ರೆಕಾರ್ಡ್ ಬರಿ’ ಎಂಬ ಉತ್ತರ. ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ಎಕ್ಸ್‌ಟರ್ನಲ್ ಮುಂದೆ ಕಕ್ಕಿದವನಿಗೆ ಸಿ ಏನು ಆಳ ಕೊಟ್ಟಿತು?

ಮಕ್ಕಳಾಟ ಎನ್ನುವ ಪೈಥಾನಿನಲ್ಲೇ ತಳ ಮುಟ್ಟಬಹುದು. 0.1ಕ್ಕೆ 0.2 ಕೂಡಿಸಲು ಹೇಳಿ, 0.30000000000000004 ಎನ್ನುತ್ತದೆ. ಜಾವಾ, ಜಾವಾಸ್ಕ್ರಿಪ್ಟ್ ಕೂಡ ಅದನ್ನೇ ಹೇಳುತ್ತವೆ. ಹತ್ತನೇ ಒಂದು ಭಾಗ ಬೈನರಿಯಲ್ಲಿ ಪೂರ್ತಿ ಕೂರುವುದಿಲ್ಲ. 1985ರ ಐಇಇಇ 754 ಮಾನದಂಡ ಅನುಸರಿಸುವ ಭಾಷೆಗಳಿಗೆಲ್ಲ ಇದೇ ಪಾಡು. ಇದರ ಬೆನ್ನು ಹತ್ತಿದವಳು ಹಣದ ಲೆಕ್ಕಕ್ಕೆ ಪೈಥಾನಿನಲ್ಲಿ ಡೆಸಿಮಲ್, ಜಾವಾದಲ್ಲಿ ಬಿಗ್‌ಡೆಸಿಮಲ್ ಯಾಕೆ ಇವೆ ಎಂಬಲ್ಲಿಗೆ ತಲುಪುತ್ತಾಳೆ. ದಶಮಾಂಶವನ್ನು ಇದ್ದಂತೆಯೇ ಇಟ್ಟುಕೊಳ್ಳುವ ಕೋಬಾಲ್ ಬ್ಯಾಂಕುಗಳಲ್ಲಿ ಯಾಕೆ ಬೇರೂರಿತು ಎಂಬುದೂ ಆಗ ಹೊಳೆಯುತ್ತದೆ.

ಇನ್ನೊಂದು, ನಮ್ಮದೇ ಉದಾಹರಣೆ. ‘ಲಕ್ಷ್ಮೀನಾರಾಯಣ’ ಎಂಬ ಹೆಸರಿನ ಉದ್ದವೆಷ್ಟು? ಕಣ್ಣಿಗೆ ಆರು ಅಕ್ಷರ. ಪೈಥಾನ್ 3 ಹೇಳುವುದು 13, ಏಕೆಂದರೆ ಒತ್ತಕ್ಷರಕ್ಕೆ ಬೇಕಾದ ವಿರಾಮ, ದೀರ್ಘ, ಗುಣಿತ ಎಲ್ಲಕ್ಕೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತವಿದೆ. ಅದನ್ನೇ ಯುಟಿಎಫ್-8 ಮಾಡಿ ಸಿಯ ಸ್ಟ್ರಿಂಗ್ ಲೆಂತ್ ಫಂಕ್ಷನ್‌ಗೆ ಕೊಟ್ಟರೆ 39, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೂರರಲ್ಲಿ ಯಾವುದೂ ಸುಳ್ಳಲ್ಲ. ಈ ವ್ಯತ್ಯಾಸ ಕೆದಕಿದವಳಿಗೆ ಮೆಮೊರಿಯ ಪಾಠ ಆಗಿಯೇ ಆಗುತ್ತದೆ, ಪಾಯಿಂಟರ್ ಮುಂದಿನ ವರ್ಷ ಬರಲಿ.

ನಾಲ್ಕನೆಯ ಆಕ್ಷೇಪ ಈಚಿನದು: ‘ಕೋಡನ್ನು ಎಐ ಬರೆಯುತ್ತದೆ. ಒಂದಾದರೇನು, ಹತ್ತಾದರೇನು, ಭಾಷೆಯನ್ನೇ ಕಲಿಯಬೇಕಿಲ್ಲ.’

ಬರೆಯುತ್ತದೆ, ಹೌದು. ನಾನೂ ಬರೆಸುತ್ತೇನೆ. ಹೆಸರು ನೋಂದಾಯಿಸುವ ಒಂದು ಫಾರ್ಮ್ ಬರೆಸಿದಿರಿ ಎನ್ನಿ, ಡೇಟಾಬೇಸ್ ಕಾಲಂಗೆ 30 ಬೈಟ್ ಮಿತಿ ಬಂತು. ರೋಮನ್ ಲಿಪಿಯ ಲಕ್ಷ್ಮೀನಾರಾಯಣ 15 ಬೈಟಿನಲ್ಲಿ ಮುಗಿಯುವುದರಿಂದ ಟೆಸ್ಟ್ ಎಲ್ಲ ಪಾಸು. ಕನ್ನಡದಲ್ಲಿ ತುಂಬಿಸಿದ ರೈತನೊಬ್ಬನ ಹೆಸರನ್ನು ಮಿತಿಗೆ ತಕ್ಕಂತೆ ಕತ್ತರಿಸಿದರೆ ಉಳಿಯುವುದು ‘ಲಕ್ಷ್ಮೀನಾರ’. ತಪ್ಪನ್ನು ತೋರಿಸಿದರೆ ಎಐ ತಕ್ಷಣ ತಿದ್ದುತ್ತದೆ, ಅದರಲ್ಲಿ ಅನುಮಾನವಿಲ್ಲ. ತೋರಿಸುವವನಿಗೆ 13, 39ರ ಕಥೆ ಗೊತ್ತಿರಬೇಕಷ್ಟೇ. ಹೊಸಬರಿಗೆ ಕೆಲಸ ಕಡಿಮೆಯಾಗಬಹುದು ಎಂಬ ಭಯ ಸುಳ್ಳಲ್ಲ, ನನಗೂ ಇದೆ. ಹಾಗಾದಲ್ಲಿ ಮೊದಲು ಕುತ್ತು ಬರುವುದು ಐದು ಭಾಷೆಯ ಸಿಂಟ್ಯಾಕ್ಸ್ ಬಲ್ಲವನಿಗೆ. ಯಂತ್ರಕ್ಕೆ ಅಂಥವು ಐವತ್ತು ಬರುತ್ತವೆ.

ಕೊನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಅನುಕಂಪ: ‘ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ಕಷ್ಟ.’ ಪೈಥಾನಿನ ಕೀವರ್ಡುಗಳು 35. ಅವನ್ನು ಕಲಿಯಲು ಇಂಗ್ಲಿಷ್ ಮಾಧ್ಯಮ ಬೇಕಿಲ್ಲ. ನಿಜವಾದ ತೊಡಕು ಇರುವುದು ಎರರ್ ಮೆಸೇಜ್ ಓದುವುದರಲ್ಲಿ, ಡಾಕ್ಯುಮೆಂಟೇಷನ್ ಅರ್ಥ ಮಾಡಿಕೊಳ್ಳುವುದರಲ್ಲಿ. ಒಂದೇ ಭಾಷೆಯಲ್ಲಿ ಕೆಲಸ ಮಾಡಿದರೆ ಅವೇ ಎರರುಗಳು ಮತ್ತೆ ಮತ್ತೆ ಎದುರಾಗುತ್ತವೆ, ವರ್ಷ ಕಳೆಯುವಷ್ಟರಲ್ಲಿ ನೋಡಿದೊಡನೆ ಗುರುತು ಹತ್ತುತ್ತವೆ. ಆರಾರು ತಿಂಗಳಿಗೊಮ್ಮೆ ಭಾಷೆ ಬದಲಿಸಿದರೆ ಆ ಮಕ್ಕಳು ಪ್ರತಿ ಸಲವೂ ಹೊಸ ಇಂಗ್ಲಿಷನ್ನೇ ಓದುತ್ತಾ ಕೂರಬೇಕಾಗುತ್ತದೆ. ಅನುಕಂಪ ತೋರಿಸುವವರೇ ಕೋರ್ಸಿನ ಮೇಲೆ ಕೋರ್ಸ್ ಮಾರುತ್ತಿರುವುದು ನನಗೆ ಸೋಜಿಗ.