ಅತ್ತಿಮಬ್ಬೆಯ ಸಾವಿರ ಪ್ರತಿಗಳೂ ನಮ್ಮ ಉತ್ಸವಗಳೂ

ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ನಾವು ‘ದಾನಚಿಂತಾಮಣಿ’ ಎಂದು ಕೊಂಡಾಡುತ್ತೇವೆ. ಅಲ್ಲಿಯ ಕ್ರಿ.ಶ. 1007ರ ಶಾಸನವು ಆಕೆಯ ದಾನಗುಣವನ್ನು ಬಣ್ಣಿಸುತ್ತದೆ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ನೆನೆಯಬೇಕಾದದ್ದು ಆಕೆಯ ಇನ್ನೆರಡು ಕಾರ್ಯಗಳನ್ನು. ರನ್ನನಿಗೆ ಆಶ್ರಯವಿತ್ತು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸುವಂತೆ ಮಾಡಿದವಳು ಅವಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದವಳೂ ಅವಳೇ. ಮೊದಲನೆಯದು ಕವಿಗೆ ಸಂದ ದಾನ, ಎರಡನೆಯದು ಓದುಗನಿಗೆ ಸಂದ ದಾನ.

ಇಂದು ಆ ಪೋಷಕನ ಸ್ಥಾನದಲ್ಲಿ ಸರ್ಕಾರವಿದೆ. ಪಂಪ ಪ್ರಶಸ್ತಿಯನ್ನು ಪ್ರದಾನ ಮಾಡುವ ಬನವಾಸಿಯ ಕದಂಬೋತ್ಸವ, ಹಂಪಿ ಉತ್ಸವ, ಲಕ್ಕುಂಡಿ ಉತ್ಸವ, 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಸಮ್ಮೇಳನ, ಅದರ ಜಿಲ್ಲಾ ಮತ್ತು ತಾಲ್ಲೂಕು ರೂಪಗಳು ಇವೆಲ್ಲಕ್ಕೂ ಸಾರ್ವಜನಿಕ ಹಣ ಒದಗುತ್ತದೆ. ಇದನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ. ಪುಸ್ತಕದಂಗಡಿಯೇ ಇಲ್ಲದ ಊರುಗಳ ಜನ ಸಮ್ಮೇಳನದ ಮಳಿಗೆಗಳಲ್ಲಿ ಕೈಚೀಲ ತುಂಬ ಪುಸ್ತಕ ಕೊಂಡೊಯ್ಯುವುದನ್ನು ಕಂಡವರಾರೂ ಉತ್ಸವ ಬೇಡವೆನ್ನಲಾರರು. ನನ್ನ ಪ್ರಶ್ನೆ ಇಷ್ಟೇ: ಚಪ್ಪರ ಬಿಚ್ಚಿದ ಮೇಲೆ ಉಳಿಯುವುದೇನು?

ಕೆಲವು ವರ್ಷಗಳ ಹಿಂದೆ ಇಂಥದೊಂದು ಉತ್ಸವದ ವಿಚಾರಗೋಷ್ಠಿಯಲ್ಲಿ ನಾನು ಪ್ರಬಂಧ ಮಂಡಿಸಬೇಕಿತ್ತು. ಉದ್ಘಾಟನೆ ತಡವಾಯಿತು, ಇಪ್ಪತ್ತು ನಿಮಿಷದ ಪ್ರಬಂಧ ಏಳು ನಿಮಿಷಕ್ಕಿಳಿಯಿತು. ಸಂಜೆಯ ರಸಮಂಜರಿಗಾಗಿ ಧ್ವನಿವರ್ಧಕ ಪರೀಕ್ಷಿಸುವ ಸದ್ದಿನ ನಡುವೆಯೇ ಓದಿ ಮುಗಿಸಿದೆ. ಪ್ರಬಂಧಗಳನ್ನು ಪುಸ್ತಕವಾಗಿ ತರುವುದಾಗಿ ಸಂಗ್ರಹಿಸಿಕೊಂಡರು. ಅದು ಇನ್ನೂ ಬಂದಿಲ್ಲ. ಅದಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಜೊತೆಗೆ ಬಂದಿದ್ದ ವಿದ್ಯಾರ್ಥಿನಿಯ ಮಾತು. “ಸರ್, ಈ ಊರಿನ ಶಾಸನ ಎಲ್ಲಿದೆ?” ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಹುಡುಕಿಕೊಂಡು ಹೋಗಿ ಕಲ್ಲಿನ ಮುಂದೆ ನಿಂತೆವು. ಎಂ.ಎ. ಓದುತ್ತಿದ್ದ ಎಂಟು ಜನರಲ್ಲಿ ಒಬ್ಬರಿಗೂ ಮೊದಲ ಸಾಲನ್ನು ಓದಲಾಗಲಿಲ್ಲ. ಆ ತಪ್ಪಿನಲ್ಲಿ ಅಧ್ಯಾಪಕನಾದ ನನ್ನ ಪಾಲೂ ಇದೆ.

ಪ್ರತಿ ಮಾಡದ ಕೃತಿಗೆ ಏನಾಗುತ್ತದೆಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯೇ ಸಾಕ್ಷಿ. ಪೊನ್ನನ ‘ಶಾಂತಿಪುರಾಣ’ ನಮಗೆ ದೊರೆತಿದೆ. ಅವನದೇ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ರನ್ನನ ‘ಪರಶುರಾಮಚರಿತ’ವೂ ಹೆಸರಾಗಿಯಷ್ಟೇ ಉಳಿದಿದೆ. ಉಳಿವಿಗೆ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸಲಾಗದು. ಆದರೆ ಗೆದ್ದಲು, ತೇವ, ಬೆಂಕಿಗಳ ನಡುವೆ ಒಂದು ಓಲೆಕಟ್ಟಿಗಿಂತ ನೂರು ಓಲೆಕಟ್ಟುಗಳಿಗೆ ಆಯುಷ್ಯ ಹೆಚ್ಚೆಂಬುದಕ್ಕೆ ಪ್ರಮಾಣ ಬೇಕಿಲ್ಲ.

ಆದುದರಿಂದ ನನ್ನ ಸಲಹೆ ಸರಳ. ಪ್ರತಿ ಉತ್ಸವದ ಅನುದಾನದಲ್ಲಿ ಹತ್ತರಲ್ಲೊಂದು ಪಾಲನ್ನು ಪಠ್ಯಕ್ಕೆಂದು ಕಡ್ಡಾಯವಾಗಿ ಮೀಸಲಿಡಬೇಕು. ಅದರಿಂದ ಆ ನೆಲಕ್ಕೆ ಸಂಬಂಧಿಸಿದ ಒಂದು ಹಳಗನ್ನಡ ಕೃತಿ ಗದ್ಯಾನುವಾದದೊಡನೆ ಸುಲಭ ಬೆಲೆಯಲ್ಲಿ ಮರುಮುದ್ರಣವಾಗಲಿ. ಉತ್ಸವದ ಹಿಂದಿನ ಎರಡು ದಿನ ಶಾಸನದ ಎದುರಿನಲ್ಲಿಯೇ ಲಿಪಿ ಮತ್ತು ಗಮಕದ ಶಿಬಿರ ನಡೆಯಲಿ. ಜಿಲ್ಲೆಯ ಮಠ, ಬಸದಿ, ಮನೆಗಳಲ್ಲಿರುವ ಓಲೆಗರಿಗಳ ಛಾಯಾಪ್ರತಿ ತೆಗೆಯುವ ಕೆಲಸ ವರ್ಷವಿಡೀ ಸಾಗಲಿ. ಹಿಂದಿನ ವರ್ಷದ ಪ್ರಬಂಧಗಳು ಅಚ್ಚಾದ ಮೇಲೆಯೇ ಈ ವರ್ಷದ ಗೋಷ್ಠಿಗೆ ಹಣ ಬಿಡುಗಡೆಯಾಗಲಿ.

ಜನ ಬರುವುದು ಹಾಡು ಕುಣಿತಕ್ಕೆ, ಹಳಗನ್ನಡಕ್ಕಲ್ಲ ಎಂಬ ಆಕ್ಷೇಪ ಬರಬಹುದು. ಅದು ನಿಜವೇ, ಹಾಡು ಕುಣಿತ ಇರಲಿ, ಅವುಗಳಿಗೆ ಒಂಬತ್ತು ಪಾಲು ಇದ್ದೇ ಇದೆ. ಆದರೆ ಪಂಪ, ರನ್ನರ ಹೆಸರಿನಲ್ಲಿ ಹಣ ಪಡೆದು ಅವರನ್ನು ಓದುವವರನ್ನು ಬೆಳೆಸದಿದ್ದರೆ, ಮುಂದೊಂದು ದಿನ ವೇದಿಕೆಯ ಮೇಲಿನ ಭಾವಚಿತ್ರವಷ್ಟೇ ಉಳಿದೀತು. ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರತಿವರ್ಷ ಪ್ರಶಸ್ತಿ ನೀಡುವ ನಾಡು ಆಕೆಯ ಹಾಗೆ ಒಂದು ಪುಸ್ತಕದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚುವುದು ಇಂದು ಕಷ್ಟದ ಕೆಲಸವೇನಲ್ಲ. ಮುಂದಿನ ಉತ್ಸವದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ಆ ಪುಸ್ತಕ ಅಚ್ಚಿಗೆ ಹೋಗಲಿ.