ಹಳೆಯ ಸಮುಚ್ಚಯಗಳ ಫ್ಯೂಸು ಮತ್ತು ವಿಮೆ



ಬೆಂಗಳೂರಿನ ಹಳೆಯ ವಸತಿ ಸಮುಚ್ಚಯಗಳ ಮೆಟ್ಟಿಲಡಿಯಲ್ಲಿ, ಮಸಿ ಹಿಡಿದ ಪಿಂಗಾಣಿ ಫ್ಯೂಸುಗಳೊಳಗೆ, ವಿದ್ಯುತ್ ಪ್ರವಾಹವು ಮಿತಿಮೀರಿದೊಡನೆ ಕರಗಬೇಕಾದ ಸೂಕ್ಷ್ಮ ತಂತಿಯ ಸ್ಥಾನದಲ್ಲಿ ದಪ್ಪನೆಯ ತಾಮ್ರದ ಎಳೆಯನ್ನು ಸುತ್ತಿಡುವ ಪದ್ಧತಿಯು ಇನ್ನೂ ಅಳಿದಿಲ್ಲವೆಂಬುದು ಅತ್ಯಂತ ಕಳವಳಕಾರಿಯಾದ ಸಂಗತಿ. ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಜನಿಸುವ ಉಷ್ಣವು ನಾಲ್ಮಡಿಯಾಗುವುದರಿಂದ, ಫ್ಯೂಸು ಕರಗದಿದ್ದಲ್ಲಿ ಕರಗುವುದು ಗೋಡೆಯೊಳಗಿನ ತಂತಿಯ ಹೊದಿಕೆ. ದೀಪ, ಫ್ಯಾನುಗಳಿಗೆಂದು ಎಳೆದ ಆ ತಂತಿಗಳೇ ಇಂದು ಗೀಸರುಗಳ ಭಾರವನ್ನೂ ಹೊರುತ್ತಿದ್ದು, ಬೆಂಕಿಯ ಅಪಾಯ ಹೆಚ್ಚಿದೆ. 2021ರ ಏಪ್ರಿಲಿನಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ವಿಮೆಯು ಅಗ್ನಿಹಾನಿಯನ್ನು ಭರಿಸುವುದಾದರೂ, ಒಬ್ಬೊಬ್ಬರು ತಂತಮ್ಮ ಮನೆಗಷ್ಟೇ ಅದನ್ನು ಪಡೆದರೆ ಎಲ್ಲರಿಗೂ ಸೇರಿದ ಮೀಟರು ಕೋಣೆಯು ಅರಕ್ಷಿತವಾಗಿಯೇ ಉಳಿದೀತು. ಆದಕಾರಣ ನಿವಾಸಿಗಳ ಸಂಘಗಳು ಪರವಾನಗಿಯುಳ್ಳ ಗುತ್ತಿಗೆದಾರರಿಂದ ತಂತಿಗಳನ್ನು ಪರೀಕ್ಷೆ ಮಾಡಿಸಿ, ಮಿತಿಮೀರಿದ ಪ್ರವಾಹವನ್ನು ತಡೆಯುವ ಎಂಸಿಬಿಗಳನ್ನೂ 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಸಾಧನವನ್ನೂ ಅಳವಡಿಸಿ, ತದನಂತರ ಸಮಗ್ರ ಕಟ್ಟಡಕ್ಕೆ ವಿಮೆ ಮಾಡಿಸಬೇಕೆಂದು ವಿನಂತಿಸುತ್ತೇನೆ.

— ಓರ್ವ ನಿವಾಸಿ, ಬೆಂಗಳೂರು