ಮಗುವಿನ ಅಳು ಮತ್ತು ಮರಗಟ್ಟಿಸುವ ಜೆಲ್

ಹಲ್ಲು ಮೂಡುವ ಕಾಲದಲ್ಲಿ ರಾತ್ರಿಯಿಡೀ ಅಳುವ ಮಗುವಿನ ವಸಡಿಗೆ ಮೆಡಿಕಲ್ ಅಂಗಡಿಯಿಂದ ತಂದ ಜೆಲ್ ಹಚ್ಚುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆತ್ತವರಿಗೆ ಹೊಸತೇನಲ್ಲ. ಮಗು ಸುಮ್ಮನಾಗುತ್ತದೆ, ಮನೆಮಂದಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಆದರೆ ಸುಮ್ಮನಾದ ಮಗುವೆಲ್ಲ ಸುರಕ್ಷಿತ ಮಗುವೇ?

ಇಂತಹ ಜೆಲ್‌ಗಳಲ್ಲಿ ನೋವನ್ನು ಮರಗಟ್ಟಿಸುವ ಅಂಶಗಳೆಂದರೆ ಮುಖ್ಯವಾಗಿ ಬೆಂಝೊಕೇನ್ ಮತ್ತು ಲಿಗ್ನೋಕೇನ್. ಬೆಂಝೊಕೇನ್ ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕ ಒಯ್ಯಲಾರದ ಸ್ಥಿತಿಗೆ ತಳ್ಳಬಲ್ಲದು. ಅದನ್ನು ಸರಿಪಡಿಸುವ ಕಿಣ್ವ ಎಳೆಯ ಕೂಸುಗಳಲ್ಲಿ ಕಡಿಮೆ. ಆಗ ತುಟಿ, ಉಗುರುಗಳು ನೀಲಿಗಟ್ಟುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಮೊದಲ ಬಾರಿ ಹಚ್ಚಿದಾಗಲೇ ಹೀಗಾಗಬಹುದು. ಲಿಗ್ನೋಕೇನ್ ಹೆಚ್ಚಾಗಿ ಹೊಟ್ಟೆ ಸೇರಿದರೆ ಸೆಳೆತವೂ ಹೃದಯದ ತೊಂದರೆಯೂ ಉಂಟಾಗಬಹುದು. ಇಷ್ಟೆಲ್ಲ ಅಪಾಯ ಹೊತ್ತ ಈ ಜೆಲ್ ಕೆಲವೇ ನಿಮಿಷಗಳಲ್ಲಿ ಜೊಲ್ಲಿನೊಂದಿಗೆ ಕೊಚ್ಚಿಹೋಗುತ್ತದೆ ಎಂಬುದೇ ವಿಪರ್ಯಾಸ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2014ರಲ್ಲಿ ಲಿಗ್ನೋಕೇನ್ ದ್ರಾವಣದಿಂದ ಐದು ತಿಂಗಳಿನಿಂದ ಮೂರೂವರೆ ವರ್ಷದ ವರೆಗಿನ ಮಕ್ಕಳಿಗಾದ 22 ಗಂಭೀರ ಪ್ರಕರಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಸಾವುಗಳೂ ಇದ್ದವು. 2018ರಲ್ಲಿ ಅದು ಎರಡು ವರ್ಷದೊಳಗಿನ ಮಕ್ಕಳ ಬಾಯಿಗೆ ಬೆಂಝೊಕೇನ್ ಹಚ್ಚಲೇಬಾರದೆಂದು ಎಚ್ಚರಿಸಿತು. ಬ್ರಿಟನ್ 2009ರಲ್ಲೇ ಸ್ಯಾಲಿಸಿಲೇಟ್ ಇರುವ ಬಾಯಿಯ ಜೆಲ್‌ಗಳನ್ನು 16 ವರ್ಷದೊಳಗಿನವರಿಗೆ ಬೇಡವೆಂದಿತು. ಆದರೆ ಕೋಲೀನ್ ಸ್ಯಾಲಿಸಿಲೇಟ್ ಮತ್ತು ಲಿಗ್ನೋಕೇನ್ ಒಟ್ಟಾಗಿರುವ ಜೆಲ್‌ಗಳು ನಮ್ಮ ದೇಶದಲ್ಲಿ ಮಾರಾಟವಾಗುತ್ತಿವೆ. ಅಲ್ಲಿಯ ಮಗುವಿಗೆ ಬೇಡವಾದುದು ಇಲ್ಲಿಯ ಮಗುವಿಗೆ ಮದ್ದಾಗುವುದು ಹೇಗೆ?

ಚರ್ಮಕ್ಕೆ ಹಚ್ಚುವ ಕ್ರೀಮುಗಳ ವಿಷಯವೂ ಭಿನ್ನವಲ್ಲ. ಚುಚ್ಚುಮದ್ದು, ಸುನ್ನತ್ ಮುಂತಾದ ಸಂದರ್ಭಗಳಲ್ಲಿ ವೈದ್ಯರು ಬಳಸುವ ಲಿಗ್ನೋಕೇನ್–ಪ್ರಿಲೋಕೇನ್ ಕ್ರೀಮಿಗೆ ಮೂರು ತಿಂಗಳೊಳಗಿನ ಮಗುವಿಗೆ ಇರುವ ಮಿತಿ ಕೇವಲ ಒಂದು ಗ್ರಾಂ, ಒಂದು ಗಂಟೆ. ಅದು ವೈದ್ಯರ ಕೈಯಲ್ಲಿರಬೇಕಾದ ವಸ್ತುವೇ ಹೊರತು ಮನೆಯ ಕಪಾಟಿನಲ್ಲಿ ಅಲ್ಲ.

ಇನ್ನೊಂದು ಅಪಾಯವೂ ಇದೆ. ಜ್ವರ, ಭೇದಿ ಎಲ್ಲವನ್ನೂ 'ಹಲ್ಲಿನದ್ದು' ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ಹಲ್ಲು ಮೂಡುವುದರಿಂದ ತೀವ್ರ ಜ್ವರ ಬರುವುದಿಲ್ಲ. ಹಾಗೆ ನಂಬಿ ಕಳೆದ ಒಂದು ರಾತ್ರಿಯ ಬೆಲೆ ಏನೆಂದು ಯೋಚಿಸಬೇಕು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ದಾರಿಯಿದೆ. ನೀಲಿಗಟ್ಟಿದ ಮಗುವನ್ನೆತ್ತಿಕೊಂಡು ಸಾಗುವವರಿಗೆ ಅದು ಎಷ್ಟು ದೀರ್ಘವಾದ ದಾರಿ!

ಸ್ವಚ್ಛವಾಗಿ ತೊಳೆದ ಬೆರಳಿನಿಂದ ವಸಡನ್ನು ಮೆಲ್ಲನೆ ಒತ್ತುವುದು, ತಂಪುಗೊಳಿಸಿದ ಶುಭ್ರ ಒದ್ದೆ ಬಟ್ಟೆಯನ್ನು ಎದುರಿಗೇ ಕುಳಿತು ಕಚ್ಚಲು ಕೊಡುವುದು ಸಾಕು. ಆದರೆ ಇದಕ್ಕೆ ಸಹನೆ ಬೇಕು, ಸಮಯ ಬೇಕು. ಹಗಲೆಲ್ಲ ದುಡಿದ ತಾಯಿಯೊಬ್ಬಳೇ ರಾತ್ರಿಯೂ ಎಚ್ಚರವಿರಬೇಕೆಂದರೆ ಆಕೆ ಜೆಲ್‌ನ ಮೊರೆ ಹೋಗುವುದು ಸಹಜ. ಆಕೆಯನ್ನು ದೂಷಿಸುವ ಮೊದಲು ತಂದೆಯಂದಿರು ಎಚ್ಚರವಿರಲು ಕಲಿಯಲಿ. ಅಂಗಡಿಯವರು ಮಗುವಿನ ವಯಸ್ಸು ಕೇಳದೆ ಟ್ಯೂಬ್ ಕೊಡದಿರಲಿ. ವಯೋಮಿತಿಯ ಎಚ್ಚರಿಕೆಯನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಮುದ್ರಿಸುವಂತೆ ಸರಕಾರವು ಕಂಪೆನಿಗಳನ್ನು ಕಟ್ಟಿಹಾಕಲಿ. ಮಾತು ಬಾರದ ಮಗುವಿನ ಪರವಾಗಿ ಇಷ್ಟನ್ನಾದರೂ ಕೇಳುವುದು ನಮ್ಮೆಲ್ಲರ ಹೊಣೆಯಲ್ಲವೇ?